ನಿರಾಪದ ಜಗಳವಾಡದ ತಿಂಗಳು

ಅಷ್ಟಮಿ ತರಬೇತಿಗೆ ಹೊರಟ ಬೆಳಗ್ಗೆ, ಅವಳ ದೋಣಿ ಹೊಳೆಯ ತಿರುವು ದಾಟುವುದನ್ನೇ ಕಾದಿದ್ದವಳಂತೆ ಅತ್ತೆ ಖ್ಯಾಂತಮಣಿ ಒಳಗೆ ಬಂದು, ಗೂಡಿನಲ್ಲಿದ್ದ ಬಾಚಣಿಗೆಯನ್ನು ತೆಗೆದು ಅಕ್ಕಿ ಡಬ್ಬಿಯ ತಳಕ್ಕೆ ತುರುಕಿದಳು. ಆಮೇಲೆ ಸೋಪು. ಆಮೇಲೆ ಸಾಸಿವೆ ಎಣ್ಣೆಯ ಶೀಶೆ. ಮೂರು ವರ್ಷದ ಮಗಳು ಪುಂಟಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊಳೆಯ ಕಡೆಯಿಂದ ಬಂದ ನಿರಾಪದ ಗಾಯೆನ್ ಹೊಸ್ತಿಲಲ್ಲಿ ನಿಂತು ಇದನ್ನೆಲ್ಲ ನೋಡಿದ.

“ಮಾ, ಏನಿದು?”

“ಇವತ್ತಿಂದ ನಿನಗೆ ಬಾಚಣಿಗೆ ಇಲ್ಲ. ಎಣ್ಣೆ ಇಲ್ಲ, ಸೋಪಿಲ್ಲ. ಗಡ್ಡ ಕೆರ್ಕೊಳ್ಳೋ ಹಾಗಿಲ್ಲ. ಹಗಲು ಹೊತ್ತು ಬಾಗಿಲು ಹಾಕೋ ಹಾಗಿಲ್ಲ. ಒಣಮೆಣಸಿನಕಾಯಿ ಹುರಿಯೋ ಹಾಗಿಲ್ಲ. ಯಾರ ಜೊತೆಗೂ ಜಗಳ ಆಡೋ ಹಾಗಿಲ್ಲ. ಬಂದೋರನ್ನ ಹೋಗು ಅನ್ನೋ ಹಾಗಿಲ್ಲ.”

“ಅದು ಹೆಂಗಸರು ಹಿಡಿಯೋ ನೇಮ ಅಲ್ವಾ?”

“ಹೆಂಗಸರದ್ದು ಅಂತ ಯಾರು ಹೇಳಿದ್ದು? ಮನೇಲಿ ಉಳಿದೋರು ಹಿಡಿಯೋ ನೇಮ. ಇಷ್ಟು ವರ್ಷ ನೀನು ಕಾಡಿಗೆ ಹೋಗ್ತಿದ್ದೆ, ಬೌಮಾ ಮನೇಲಿ ಉಳೀತಿದ್ಲು. ಈಗ ಬೌಮಾ ಹೋಗಿದಾಳೆ, ನೀನು ಉಳಿದಿದೀಯ. ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?”

“ನಿನ್ನ ಸೊಸೆ ಹೋಗಿರೋದು ಕ್ಯಾನಿಂಗಿಗೆ, ಮಾ. ಪೇಟೆ ಅದು. ಅಲ್ಲಿ ರೈಲು ಬರತ್ತೆ.”

“ಕೊನೇ ವಾರ ಲಾಂಚಲ್ಲಿ ಕಾಡಿಗೆ ಕರ್ಕೊಂಡು ಹೋಗ್ತಾರೆ ಅಂತ ನೀನೇ ಹೇಳಿದ್ದು.”

“ಅದು ಕೊನೇ ವಾರ ತಾನೇ.”

“ಮಾಮನಿಗೆ ಕ್ಯಾಲೆಂಡರ್ ಓದೋಕೆ ಬರತ್ತಾ?”

ಕಾಡಿನಂಚಿನ ಅವರ ಊರು ಹೋಗಲ್‌ಖಾಲಿಯಲ್ಲಿ ಹುಲಿಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಮಾಮ ಎಂದರೆ ಅವನೇ. ಆ ಮಾತು ಬಂದ ಮೇಲೆ ಎದುರಾಡುವ ಧೈರ್ಯ ನಿರಾಪದನಿಗೆ ಉಳಿಯಲಿಲ್ಲ.

ಆಪತ್ತೇ ಇಲ್ಲದವನು ಎಂದು ಅವನಿಗೆ ಹೆಸರಿಟ್ಟದ್ದು ಅವನ ಅಪ್ಪ. ಅಪ್ಪ ಜೇನು ತರಲು ಹೊಳೆಯಾಚೆಯ ಕಾಡಿಗೆ ಹೋದವನು ಬರಲಿಲ್ಲ. ಬಂದದ್ದು ಅವನ ಕೆಂಪು ಗಮ್ಛಾ, ಆ ಹೆಗಲುವಸ್ತ್ರವೊಂದೇ. ಅಂದಿನಿಂದ ನಿರಾಪದನ ಕಣ್ಣಿಗೆ ಆಪತ್ತಲ್ಲದೆ ಬೇರೇನೂ ಬೀಳುತ್ತಿರಲಿಲ್ಲ. ಹೆಬ್ಬೆರಳಷ್ಟು ಮೋಡ ಕಂಡರೆ ಸಾಕು, ಸೂರಿಗೆ ಹಗ್ಗ ಬಿಗಿಯುತ್ತಿದ್ದ. ಕಪ್ಪೆ ಕೂಗಿದರೆ ಹಾವು ಹಿಡಿದಿರಬೇಕು, ಕೂಗದಿದ್ದರೆ ನುಂಗಿರಬೇಕು. ಪುಂಟಿ ಹುಟ್ಟಿದ ಮೇಲೆ ಇದು ಎಲ್ಲೆ ಮೀರಿತು. ಅವಳು ಸೀನಿದರೆ ನೆಗಡಿಯಿಂದ ಶುರುವಾಗಿ ನ್ಯುಮೋನಿಯಾವರೆಗೂ ಅವನ ಮನಸ್ಸು ಒಂದೇ ಓಟದಲ್ಲಿ ಹೋಗಿ ಬರುತ್ತಿತ್ತು. ಮೀನಿನ ಮುಳ್ಳನ್ನು ಅವಳಿಗಾಗಿ ಎಷ್ಟು ಸಲ ಆರಿಸುತ್ತಿದ್ದನೆಂದರೆ ಕೊನೆಗೆ ತಟ್ಟೆಯಲ್ಲಿ ಮೀನೇ ಇರುತ್ತಿರಲಿಲ್ಲ.

ಇಂಥವನು ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಕಾಡಿನ ಕಾಲುವೆಗಳಲ್ಲಿ ಏಡಿ ಹಿಡಿಯುವುದು. ಕಳೆದ ದೊಡ್ಡ ಬಿರುಗಾಳಿಯಲ್ಲಿ ಒಡ್ಡು ಒಡೆದು ಉಪ್ಪುನೀರು ಗದ್ದೆಗೆ ನುಗ್ಗಿದ ಮೇಲೆ ಬತ್ತ ಬೆಳೆಯುತ್ತಿರಲಿಲ್ಲ. ಈ ವರ್ಷವಷ್ಟೇ ಅಲ್ಲಲ್ಲಿ ಹುಲ್ಲು ಚಿಗುರಿತ್ತು. ಹಾಗಾಗಿ ಏಡಿ. ಕಾಡಿಗೆ ಹೊರಡುವ ದಿನ ಬೆಳಗ್ಗೆ ಅವನು ದೋಣಿಯ ಹಗ್ಗದ ಗಂಟನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಿದ್ದ, ಅಷ್ಟಮಿ ಮಾತಾಡದೆ ಶಂಖದ ಬಳೆ ತೆಗೆದಿಟ್ಟು, ಕುಂಕುಮ ಅಳಿಸಿ, ಕೂದಲು ಬಿಚ್ಚಿಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ಅವನು ಬರುವವರೆಗೂ ಹಾಗೇ.

ತರಬೇತಿಯ ಸುದ್ದಿ ಬಂದದ್ದು ಆಗ. ಕರಾವಳಿ ತಾಳಿಕೆ ಮತ್ತು ಸಂಪನ್ಮೂಲ ನಿರ್ವಹಣೆಯ ವೃತ್ತಿಪರ ತರಬೇತಿ. ಊರಿಗೊಬ್ಬಳು ಹತ್ತನೇ ಕ್ಲಾಸು ಮುಗಿಸಿದ ಹೆಂಗಸು ಬೇಕು, ಒಂದು ತಿಂಗಳು ಕ್ಯಾನಿಂಗಿನಲ್ಲೇ ಇರಬೇಕು, ಪೂರ್ತಿ ಮುಗಿಸಿದವಳಿಗೆ ಊರ ಮುಂದಿನ ಕೆಸರುದಂಡೆಯಲ್ಲಿ ಉಪ್ಪುನೀರಿಗೆ ಬಗ್ಗದ ಕಾಂಡ್ಲಾ ಮರದ ಸಸಿ ಬೆಳೆಸುವ ಕೆಲಸ, ತಿಂಗಳ ಸಂಬಳ. ಒಂದೇ ಒಂದು ದಿನ ತಪ್ಪಿಸಿದರೂ ಹೆಸರು ಹೊಡೆದುಹಾಕುತ್ತಾರೆ. ಅಷ್ಟಮಿ ಪೂರ್ತಿ ಮುಗಿಸಿ ಬಂದರೆ ನಿರಾಪದ ಇನ್ನು ಕಾಡಿಗೆ ಕಾಲಿಡಬೇಕಾಗಿಲ್ಲ. ಅದಕ್ಕಾಗಿ ಒಂದು ತಿಂಗಳು ತಲೆ ಬಾಚದಿದ್ದರೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡ ಅವನು.

ಒಂದು ತೊಡಕು ಮಾತ್ರ ಉಳಿಯಿತು. ಹೆಂಗಸರು ಬಳೆ ತೆಗೆದಿಡುತ್ತಾರೆ; ಗಂಡಸು ಏನು ತೆಗೆದಿಡಬೇಕು? ಖ್ಯಾಂತಮಣಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮದುವೆಯಲ್ಲಿ ಮಾವ ಕೊಟ್ಟ ಗಡಿಯಾರ ಮಣಿಕಟ್ಟಿನಲ್ಲಿತ್ತು. ಬಿರುಗಾಳಿಯ ದಿನವೇ ಅದು ನಿಂತುಹೋಗಿತ್ತು.

“ತೆಗಿ ಅದನ್ನ.”

“ಅದು ನಡೆಯೋದೇ ಇಲ್ಲ, ಮಾ.”

“ಬಳೆ ಏನು ನಡೀತಿತ್ತಾ?”

ಗಡಿಯಾರವೂ ಅಕ್ಕಿ ಡಬ್ಬಿ ಸೇರಿತು.

ಪಕ್ಕದ ಮನೆಯವನು ಗೋಷ್ಠ ಮಂಡಲ್. ಉಪ್ಪುನೀರಿನ ಸಿಗಡಿ ಹೊಂಡ ಇಟ್ಟವನು. ಹೊಂಡಕ್ಕೂ ನಿರಾಪದನ ಗದ್ದೆಗೂ ನಡುವೆ ಒಂದು ಬದು. ವರ್ಷ ವರ್ಷಕ್ಕೂ ಆ ಬದು ಗದ್ದೆಯ ಕಡೆಗೇ ಸರಿಯುತ್ತಿತ್ತು. ಇಬ್ಬರೂ ದಿನಾ ಬೆಳಗ್ಗೆ ಬೇವಿನ ಕಡ್ಡಿ ಅಗಿಯುತ್ತ ಬದುವಿನ ಆಚೀಚೆ ನಿಂತು ಬೈದಾಡದಿದ್ದರೆ ಊರಿಗೆ ಬೆಳಗಾಗುತ್ತಿರಲಿಲ್ಲ.

“ಏಯ್ ನಿರಾಪದ, ನಿನ್ನ ಬಾತುಕೋಳಿ ನನ್ನ ಹೊಂಡಕ್ಕೆ ಬಂದಿತ್ತು,” ಎಂದ ಗೋಷ್ಠ ಎಂದಿನಂತೆ.

ನಿನ್ನ ಹೊಂಡ ನನ್ನ ಗದ್ದೆಗೆ ಬಂದಿರೋದು ಕಾಣ್ಸಲ್ವಾ ಎಂಬುದು ನಿರಾಪದನ ಎಂದಿನ ಉತ್ತರ. ಅದು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಅದನ್ನು ಉಗುಳಿನ ಜೊತೆ ನುಂಗಿದ.

“ತಪ್ಪಾಯ್ತು ಗೋಷ್ಠದಾ.”

ಗೋಷ್ಠನ ಬಾಯಿಂದ ಬೇವಿನ ಕಡ್ಡಿ ಬಿತ್ತು. ಬದು ದಾಟಿ ಬಂದು ನಿರಾಪದನ ಹಣೆ ಮುಟ್ಟಿ ನೋಡಿದ. ಜ್ವರವಿರಲಿಲ್ಲ. ನೇರವಾಗಿ ಖ್ಯಾಂತಮಣಿಯ ಬಳಿಗೆ ಹೋಗಿ ವಿಚಾರಿಸಿದ. ಅವಳು ಮಗನ ನಿಷ್ಠೆಯನ್ನು ಹೆಮ್ಮೆಯಿಂದ ಒಂದೂ ಬಿಡದೆ ಹೇಳಿದಳು: ಜಗಳವಿಲ್ಲ, ಬಾಗಿಲು ಹಾಕುವುದಿಲ್ಲ, ಬಂದವರನ್ನು ಹೋಗೆನ್ನುವುದಿಲ್ಲ, ಸೊಸೆ ಬರುವವರೆಗೆ. ಗೋಷ್ಠ ಕೇಳಿಸಿಕೊಂಡು ಸ್ವಲ್ಪ ಹೊತ್ತು ಆಕಾಶ ನೋಡಿದ.

ಮರುದಿನ ಅವನು ಬದುವಿನ ಮೇಲೆ ನಿಂತು, “ಬೌದಿ, ಟೀ ಆಯ್ತಾ?” ಎಂದ. ಅತ್ತಿಗೆಯನ್ನು ಕರೆಯುವ ಹಾಗೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ನಿರಾಪದ ನಕ್ಕ. ಅದರ ಮರುದಿನ ಗೋಷ್ಠ ಏಣಿ ತೆಗೆದುಕೊಂಡು ಹೋದ. ನಂತರ ಒಂದು ಬಾತುಕೋಳಿ. ಕೊನೆಗೆ ಮಧ್ಯಾಹ್ನದ ಊಟವಾದೊಡನೆ ಬಂದು ನಿರಾಪದನ ಜಗಲಿಯ ಮಂಚದ ಮೇಲೆ ಮಲಗಿ ಗೊರಕೆ ಹೊಡೆಯತೊಡಗಿದ. ಅವನ ಮನೆಯಲ್ಲಿ ಗಾಳಿ ಬರುವುದಿಲ್ಲವಂತೆ.

ಸುದ್ದಿ ಒಡ್ಡಿನುದ್ದಕ್ಕೂ ಹರಿಯಿತು. ಮೊದಲು ಬಂದವಳು ಭಾದು ಪಿಶಿ, ದೂರದ ಸಂಬಂಧದ ಅತ್ತೆ. ಕೋಲೂರಿಕೊಂಡು ಬಂದು ಕಂಬಕ್ಕೆ ಒರಗಿ ಕೂತಳು.

“ಸೊಸೆ ಎಲ್ಲಿ?”

“ತರಬೇತಿಗೆ, ಪಿಶಿ. ತಾಳಿಕೆದು.”

“ತಾಳ್ಕೊಳ್ಳೋದನ್ನ ಕಲಿಯೋಕೆ ಕ್ಯಾನಿಂಗಿಗೆ ಹೋಗ್ಬೇಕಾ? ಮದುವೆ ಆದ್ರೆ ಸಾಲದಾ?” ಎಂದು ಉಸಿರು ತೆಗೆದುಕೊಂಡಳು. “ಅದಿರ್ಲಿ. ನಿನ್ನ ಮದುವೇಲಿ ಮೀನಿನ ತಲೆ ಯಾರ ಎಲೆಗೆ ಹೋಯ್ತು? ನಂಗೆ ಬಾಲ. ನಾನು ಹಿರಿಯೋಳು, ನಂಗೆ ಬಾಲ. ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದೀನಿ ಅದನ್ನ.”

“ಬಾಲಾನಾ ಪಿಶಿ?”

“ಬಾಲ ಅಲ್ಲ. ಆ ಮಾತು.”

ಮಧ್ಯಾಹ್ನವಿಡೀ ಬೈದು, ಮುಖದಲ್ಲಿ ಎಂಥದೋ ಕಳೆ ತುಂಬಿಕೊಂಡು ಎದ್ದು ಹೋದಳು. ಆ ರಾತ್ರಿ ಕೀಲುನೋವಿಲ್ಲದೆ ನಿದ್ದೆ ಬಂತೆಂದು ದೋಣಿ ಹತ್ತುವ ಘಾಟಿನಲ್ಲಿ ಹೇಳಿದಳಂತೆ. ಅದೇ ಸಾಕಾಯಿತು. ಮರುದಿನ ಟೀ ಅಂಗಡಿಯ ಸುಧನ್ಯ ಬಂದು, ಕೀರ್ತನೆಯಲ್ಲಿ ನಿರಾಪದನ ದನಿ ಕೇಳಿದಾಗಲೆಲ್ಲ ತನಗೆ ದೇವರ ಮೇಲೇ ಕನಿಕರ ಬರುತ್ತದೆಂದು ಹೇಳಿದ. ಮತ್ತೊಬ್ಬ ಬಂದು, ತನ್ನ ಹೆಂಡತಿಯ ಮೇಲಿನ ಸಿಟ್ಟನ್ನೆಲ್ಲ ನಿರಾಪದನನ್ನೇ ಹೆಂಡತಿ ಎಂದುಕೊಂಡು ಬೈದು ಹಗುರಾದ. ಕೊನೆಕೊನೆಗೆ ಅವನ ಪರಿಚಯವೇ ಇಲ್ಲದವರು ಆಚೆ ದಂಡೆಯಿಂದ ದೋಣಿ ದಾಟಿ ಬರತೊಡಗಿದರು. ಮಂಡಕ್ಕಿ ಅವರವರೇ ತರುತ್ತಿದ್ದರು. ಖ್ಯಾಂತಮಣಿ ಟೀ ಮಾಡಿ ಕೊಟ್ಟು, ಯಾರ ನಂತರ ಯಾರು ಎಂದು ನೋಡಿಕೊಳ್ಳುತ್ತಿದ್ದಳು.

ನಿರಾಪದನಿಗೆ ಬೈಗುಳಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ತೆರೆದ ಬಾಗಿಲು. ಬಾಗಿಲಾಚೆ ಅಂಗಳ, ಅಂಗಳದಾಚೆ ಕೊಳ. ಪುಂಟಿಗೆ ಬಾತುಕೋಳಿಯೆಂದರೆ ಪ್ರಾಣ, ಬಾತುಕೋಳಿಗೆ ನೀರೆಂದರೆ ಪ್ರಾಣ. ಅವನು ಅಷ್ಟಮಿಯ ಹಳೇ ಸೀರೆಯ ಅಂಚು ಹರಿದು ಒಂದು ತುದಿಯನ್ನು ತನ್ನ ಸೊಂಟಕ್ಕೂ ಇನ್ನೊಂದನ್ನು ಮಗಳ ಸೊಂಟಕ್ಕೂ ಕಟ್ಟಿದ. ಬೈಸಿಕೊಳ್ಳುವಾಗಲೂ ಒಂದು ಕೈ ಆ ದಾರದ ಮೇಲೆ. ಬಿಗಿಯಾಗಿದ್ದರೆ ಮಗಳು ದೂರವಿದ್ದಾಳೆ, ಸಡಿಲವಾದರೆ ಹತ್ತಿರವಿದ್ದಾಳೆ. ಎರಡಕ್ಕೂ ಎದೆ ಧಸಕ್ಕೆನ್ನುತ್ತಿತ್ತು.

ಒಂದು ಮಧ್ಯಾಹ್ನ ಸುಧನ್ಯ ತನ್ನ ಕೀರ್ತನೆಯ ಮಾತನ್ನು ಎರಡನೇ ಸಲ ಹೇಳುತ್ತಿದ್ದಾಗ ದಾರ ಹುಚ್ಚುಹುಚ್ಚಾಗಿ ಜಗ್ಗಿತು. ನಿರಾಪದ ಎದ್ದು ಓಡಿದ. ದಾರದ ತುದಿಯಲ್ಲಿ ಮೇಕೆಯಿತ್ತು. ಪುಂಟಿ ತನ್ನ ಗಂಟನ್ನು ಬಿಚ್ಚಿ ಮೇಕೆಯ ಕೊರಳಿಗೆ ಕಟ್ಟಿ ಹೋಗಿದ್ದಳು. ಅವನು ಕೊಳದ ಸುತ್ತ ಓಡಿದ, ಮೇಕೆ ಅವನ ಹಿಂದೆ ಓಡಿತು. ನೀರು ಅಲುಗದೆ ನಿಂತಿತ್ತು. ಅದು ಅಲುಗದೆ ನಿಂತದ್ದೇ ಅವನಿಗೆ ತಡೆಯಲಾಗಲಿಲ್ಲ. ಸೊಂಟದವರೆಗೆ ಇಳಿದು ಕೆಸರನ್ನೆಲ್ಲ ಕೈಯಿಂದ ತಡಕಿದ.

“ಯಾಕೋ ಬೌದಿ, ಸ್ನಾನಾನಾ? ಸೋಪು ಬೇಡ ಅಂತ ಹೇಳಿದಾರಲ್ಲ,” ಎಂದಿತು ಜಗಲಿಯ ಕಡೆಯಿಂದ ಒಂದು ದನಿ.

ಗೋಷ್ಠ ಮಂಚದ ಮೇಲೆ ಎದ್ದು ಕೂತಿದ್ದ. ಅವನ ಮಡಿಲಲ್ಲಿ ಪುಂಟಿ ಮಂಡಕ್ಕಿ ತಿನ್ನುತ್ತಿದ್ದಳು. ಒಂದೊಂದೇ ಕಾಳನ್ನು ಅವನ ಬಾಯಿಗೂ ಇಡುತ್ತಿದ್ದಳು.

ಮಗುವನ್ನು ನೋಡಿದ್ದವನು ಒಂದು ಮಾತು ಕೂಗಿ ಹೇಳಬಾರದಿತ್ತೇ? ನಿರಾಪದನ ಗಂಟಲಿಗೆ ತಿಂಗಳಿನ ಬೈಗುಳವೆಲ್ಲ ಒಟ್ಟಿಗೆ ನುಗ್ಗಿತು. ಬಾಯಿ ತೆರೆದ. ಆಗ ಅಷ್ಟಮಿಯ ಕಾಲಿನ ಹೆಜ್ಜೆ ಕಾಂಡ್ಲಾ ಬೇರುಗಳ ನಡುವಿನ ಕೆಸರಿನಲ್ಲಿ ಮೂಡಿದ್ದು, ಅದರ ಪಕ್ಕದಲ್ಲೇ ಇನ್ನೊಂದು, ಅಗಲವಾದದ್ದು, ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದ. ನೀರಿನಿಂದ ಎದ್ದು ಬಂದು, “ಗೋಷ್ಠದಾ, ಇನ್ನೊಂದು ಚೂರು ಮಂಡಕ್ಕಿ ಕೊಡ್ಲಾ?” ಎಂದ. ಒದ್ದೆ ಕೈಯಿಂದ ಜಾರಿ ಅರ್ಧ ಚೆಲ್ಲಿತು.

ಆ ಸಂಜೆ ಅಷ್ಟಮಿಯ ಫೋನ್ ಬಂತು.

“ಊಟ ಆಯ್ತಾ ಪುಂಟಿ ಅಪ್ಪ? ಮಗು ಹೇಗಿದಾಳೆ?”

“ಚೆನ್ನಾಗಿದಾಳೆ. ಮೇಕೆನೂ ಚೆನ್ನಾಗಿದೆ. ನಿಂದು?”

“ಇವತ್ತು ನಾಟಕ ಆಡ್ಸಿದ್ರು. ಒಬ್ಬರು ಬಿರುಗಾಳಿ, ಒಬ್ಬರು ಉಬ್ಬರ, ನಾಲ್ಕು ಜನ ಒಡ್ಡು. ನಾನು ಒಡ್ಡು. ಬಿರುಗಾಳಿ ಆಗಿದ್ದೋಳು ಸಾಗರದ್ವೀಪದೋಳು, ದಪ್ಪ ಇದಾಳೆ. ತಳ್ಳಿಬಿಟ್ಲು, ನಾನು ಬಿದ್ದೆ. ನಾಳೆ ನನ್ನ ಬಿರುಗಾಳಿ ಮಾಡ್ತಾರಂತೆ.”

“ಹುಷಾರು. ಮೊಣಕಾಲಿಗೆ ಏನಾದ್ರೂ ಹಚ್ಕೊಂಡ್ಯಾ?”

“ಆಮೇಲೆ ಸಂಪನ್ಮೂಲ ನಿರ್ವಹಣೆ ಅಂತ ಎಲ್ಲರ ನಡುವೆ ಒಂದು ಬೇಯಿಸಿದ ಮೊಟ್ಟೆ ಇಟ್ರು. ಇದು ನಿಮ್ಮ ಮೊಮ್ಮಕ್ಕಳಿಗೂ ಸಾಕಾಗ್ಬೇಕು, ಹೇಗೆ ಹಂಚ್ತೀರಿ ಅಂತ. ಮಧ್ಯಾಹ್ನದವರೆಗೂ ಚರ್ಚೆ ಆಯ್ತು. ಯಾರೂ ಮುಟ್ಟಲಿಲ್ಲ.”

“ಕೊನೆಗೆ?”

“ವಾಸನೆ ಬಂತು.”

ನಿರಾಪದ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದ. “ಅಷ್ಟಮಿ, ನಾನು ಕಾಡಿಗೆ ಹೋದಾಗ... ಇಲ್ಲಿಗೆ ಜನ ಬರ್ತಿದ್ರಾ? ಗೋಷ್ಠ ಬರ್ತಿದ್ನಾ?”

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

“ಬದು ತಾನಾಗೇ ಸರಿಯತ್ತೆ ಅಂದ್ಕೊಂಡಿದ್ರಾ?” ಎಂದಳು.

“ನೀನು ಏನು ಮಾಡ್ತಿದ್ದೆ?”

“ಹೂಂ ಅಂತಿದ್ದೆ. ಅವರು ಏನಂದ್ರೂ ಹೂಂ. ಹೂಂ ಅನ್ನೋರ ಹತ್ರ ಬಹಳ ಹೊತ್ತು ಬೈಯೋಕಾಗಲ್ಲ. ಆದ್ರೆ ಜಾಗ ಬಿಟ್ಟು ಏಳಬಾರದು. ಎದ್ರೆ ಅವರು ಕೂತ್ಬಿಡ್ತಾರೆ. ಒಂದು ಸಲ ಎದ್ದಿದ್ದೆ, ಪುಂಟಿಗೆ ಹಾಲು ಕೊಡೋಕೆ. ಒಂದು ಮೊಳ ಬದು ಹೋಯ್ತು.”

ಅವಳು ಬಯ್ದಿದ್ದರೆ ಚೆನ್ನಾಗಿತ್ತು ಎನಿಸಿತು ನಿರಾಪದನಿಗೆ. ಅವಳು ಬಯ್ಯಲಿಲ್ಲ. ಪುಂಟಿಗೆ ರಾತ್ರಿ ಕಾಲುಚೀಲ ಹಾಕಲು ಹೇಳಿ ಫೋನಿಟ್ಟಳು.

ಕೊನೆಯ ವಾರ ಬಂತು. ಲಾಂಚು ಕಾಡಿಗೆ ಹೊರಡುವುದು ಶುಕ್ರವಾರ ಎಂದು ತಿಳಿದಾಗ ಖ್ಯಾಂತಮಣಿ ಗಲಾಟೆ ಎಬ್ಬಿಸಿದಳು. ಶುಕ್ರವಾರ ಕಾಡುದೇವತೆ ಬನಬೀಬಿ ಕಾಡಿನಲ್ಲಿ ಇರುವುದಿಲ್ಲ, ನಮಾಜಿಗೆ ಹೋಗಿರುತ್ತಾಳೆ. ಕಾಯುವ ತಾಯಿಯೇ ಇಲ್ಲದ ದಿನ ಯಾರಾದರೂ ಹೋಗುತ್ತಾರೆಯೇ? ಅವಳ ಕಾಟಕ್ಕೆ ನಿರಾಪದ ತರಬೇತಿಯ ಸಾಹೇಬರಿಗೆ ಫೋನ್ ಮಾಡಿ ಹೇಳಿದ. ಕಲ್ಕತ್ತದ ಆ ಮನುಷ್ಯ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ಸಾಂಪ್ರದಾಯಿಕ ತಿಳಿವಳಿಕೆಗೆ ತಮ್ಮಲ್ಲಿ ಬುಧವಾರ ಒಂದು ತರಗತಿ ಇತ್ತೆಂದೂ ಅದು ಮುಗಿದುಹೋಯಿತೆಂದೂ ತಿಳಿಸಿದರು. ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲವಾದ್ದರಿಂದ ಲಾಂಚು ಹತ್ತುವ ಮೊದಲೇ ಎಲ್ಲರ ಫೋನುಗಳನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಸಿಕೊಳ್ಳುತ್ತಾರಂತೆ. ಅಭ್ಯಾಸವಾಗಲಿ ಎಂದು.

ಶುಕ್ರವಾರ ಬೆಳಗ್ಗೆ ಅಷ್ಟಮಿ ಫೋನ್ ಮಾಡಿ, “ಇನ್ನು ಹುಣ್ಣಿಮೆ ಕಳೆದ ಮೇಲೆ ಮಾತಾಡೋಣ, ಆಮೇಲೆ ಮನೆಗೇ ಬರ್ತೀನಿ,” ಎಂದಳು. ಅಷ್ಟೇ. ನಿರಾಪದ ಮಂಡಕ್ಕಿಯನ್ನೂ ತಿನ್ನಲಿಲ್ಲ. ಈಗ ಅವಳು ನಿಜವಾಗಿ ಕಾಡಿನಲ್ಲಿದ್ದಳು.

ಶನಿವಾರ ಬೆಳಗ್ಗೆ ಗೋಷ್ಠ ಗುದ್ದಲಿಯನ್ನೂ ಒಂದು ದಪ್ಪ ಪ್ಲಾಸ್ಟಿಕ್ ಪೈಪನ್ನೂ ಹೊತ್ತು ನಿರಾಪದನ ಅಂಗಳ ಹಾಯ್ದು ಅವನ ಹಿತ್ತಿಲ ಒಡ್ಡಿನ ಕಡೆಗೆ ನಡೆದ.

“ಏನದು ಗೋಷ್ಠದಾ?”

“ಪೈಪು. ಒಡ್ಡಿನೊಳಗೆ ತೂರಿಸ್ತೀನಿ. ಹುಣ್ಣಿಮೆ ಉಬ್ಬರ ಬಂದ್ರೆ ಹೊಳೆ ನೀರು ಸೀದಾ ನನ್ನ ಹೊಂಡಕ್ಕೆ. ನಿಂಗೇನೂ ತಕರಾರಿಲ್ಲ ತಾನೇ, ಬೌದಿ?”

ಒಡ್ಡಿಗೆ ಪೈಪು ತೂರಿಸಿದರೆ ಏನಾಗುತ್ತದೆಂದು ಹೋಗಲ್‌ಖಾಲಿಯ ಕೋಳಿಮರಿಗೂ ಗೊತ್ತು. ಪೈಪಿನ ಸುತ್ತ ಮಣ್ಣು ಕರಗುತ್ತದೆ, ಒಂದು ದಿನ ಅಲ್ಲಿಯೇ ಒಡೆಯುತ್ತದೆ. ಹಿಂದೆ ಒಡೆದಾಗ ಪುಂಟಿ ಇನ್ನೂ ಹೊಟ್ಟೆಯಲ್ಲಿದ್ದಳು. ನಿರಾಪದ ಅಷ್ಟಮಿಯನ್ನು ಸೂರಿನ ಮೇಲೆ ಹತ್ತಿಸಿ ಕೂರಿಸಿದ್ದ. ಈಗ ಚಿಗುರಿರುವ ಹುಲ್ಲು ಹೋಗುತ್ತದೆ, ಕೊಳ ಉಪ್ಪಾಗುತ್ತದೆ. ಕೂಗಾಡಿ ತಡೆಯೋಣವೆಂದರೆ ಅಷ್ಟಮಿ ಕಾಡಿನಲ್ಲಿ. ಅವಳನ್ನು ಕರೆಸೋಣವೆಂದರೆ ಹೆಸರು ಹೊಡೆದುಹಾಕುತ್ತಾರೆ, ಅದೂ ಅಲ್ಲದೆ ಅವಳ ಫೋನು ಬಿಸ್ಕತ್ತಿನ ಡಬ್ಬಿಯಲ್ಲಿ. ನಿರಾಪದ ತಾಯಿಯ ಮುಖ ನೋಡಿದ.

“ಜಗಳ ಆಡೋ ಹಾಗಿಲ್ಲ,” ಎಂದಳು ಖ್ಯಾಂತಮಣಿ. ಅವಳ ದನಿಯೂ ಸಣ್ಣಗಾಗಿತ್ತು.

ಗೋಷ್ಠ ಆಗಲೇ ಒಡ್ಡು ಅಗೆಯತೊಡಗಿದ್ದ. ಮೊಣಕಾಲುದ್ದ ತೋಡಿ ಬೀಡಿ ಹಚ್ಚಲು ಅವನು ಪಕ್ಕಕ್ಕೆ ಸರಿದ. ನಿರಾಪದ ಮಗಳನ್ನು ಎತ್ತಿಕೊಂಡು, ದಾರದ ಗಂಟನ್ನು ಎರಡೆರಡು ಸಲ ಬಿಗಿದು, ಹೋಗಿ ಆ ತಗ್ಗಿನಲ್ಲಿ ಕೂತ.

“ಏಳೋ.”

“ಹೂಂ ಗೋಷ್ಠದಾ.”

ಏಳಲಿಲ್ಲ.

“ಏಳ್ತೀಯೋ ಇಲ್ವೋ? ಇದೇನು ನಿಮ್ಮಪ್ಪನ ಒಡ್ಡಾ?”

“ಅಲ್ಲ ಗೋಷ್ಠದಾ.”

“ನಿನ್ನ ಕಿವಿಗೆ ಕೆಸರು ತುಂಬಿದೆಯಾ?”

“ತುಂಬಿರ್ಬೇಕು ಗೋಷ್ಠದಾ. ಸೋಪು ಹಚ್ಚಿ ತಿಂಗಳಾಯ್ತು.”

ಪುಂಟಿ ತಗ್ಗಿನ ಮಣ್ಣಿನಲ್ಲಿ ಅಡುಗೆ ಆಟ ಶುರುಮಾಡಿದಳು. ಗೋಷ್ಠ ಗುದ್ದಲಿ ಎತ್ತಿದ. ಜಡೆಗಟ್ಟಿದ ತಲೆಯ, ಗಡ್ಡ ಬೆಳೆದ, ನಗುತ್ತಿರುವ ಆ ಮನುಷ್ಯನನ್ನೂ ಮಣ್ಣಿನ ಅನ್ನ ಬಡಿಸುತ್ತಿರುವ ಮಗುವನ್ನೂ ನೋಡಿ ಇಳಿಸಿದ. ಎಷ್ಟು ಹೊತ್ತು ಕೂರುತ್ತಾನೆ, ಮಧ್ಯಾಹ್ನದ ಬಿಸಿಲಿಗೆ ತಾನೇ ಏಳುತ್ತಾನೆ ಎಂದುಕೊಂಡ.

ಆದರೆ ಮಧ್ಯಾಹ್ನಕ್ಕೆ ಬೈಯುವವರು ಬಂದರು. ಜಗಲಿ ಖಾಲಿಯಿತ್ತು. ಖ್ಯಾಂತಮಣಿ ಒಡ್ಡಿನ ಕಡೆ ಕೈ ತೋರಿಸಿದಳು. ಭಾದು ಪಿಶಿ ಕೋಲೂರಿಕೊಂಡು ಒಡ್ಡು ಹತ್ತಿ ತಗ್ಗಿನ ಪಕ್ಕ ಕೂತಳು. ಮೀನಿನ ತಲೆಯ ವಿಷಯದಲ್ಲಿ ಇನ್ನೊಂದು ಅಂಶ ನೆನಪಾಗಿತ್ತು. ಅವಳ ಹಿಂದೆ ಸುಧನ್ಯ, ಅವನ ಹಿಂದೆ ಆಚೆ ದಂಡೆಯವರು. ಸುಧನ್ಯ ಜನ ನೋಡಿ ಹೋಗಿ ಟೀಯ ಒಲೆಯನ್ನೇ ಹೊತ್ತುತಂದ. ರಾತ್ರಿಯೂ ನಿರಾಪದ ಜಾಗ ಬಿಟ್ಟು ಏಳಲಿಲ್ಲ. ಮರುದಿನ ಭಾನುವಾರವಾದ್ದರಿಂದ ಇನ್ನೂ ಹೆಚ್ಚು ಜನ. ಕೂತವರು ಕೂತಲ್ಲೇ, ನಿಂತವರು ಕಾಲು ಬದಲಿಸುತ್ತ, ಮಕ್ಕಳು ಏರಿ ಇಳಿಯುತ್ತ ಇದ್ದಂತೆ, ಗೋಷ್ಠ ಅಗೆದಿದ್ದ ಮಣ್ಣೆಲ್ಲ ತುಳಿತಕ್ಕೆ ಸಿಕ್ಕಿ ತಗ್ಗಿಗೇ ಜಾರಿ ತುಂಬುತ್ತ ಬಂತು. ನಿರಾಪದ ಇಂಚಿಂಚಾಗಿ ಮೇಲೇರುತ್ತಿದ್ದ.

“ದಾರಿ ಬಿಡ್ರಯ್ಯಾ, ನಂಗೆ ಕೆಲ್ಸ ಇದೆ,” ಎಂದು ಗೋಷ್ಠ ಪೈಪು ಹಿಡಿದು ನುಗ್ಗಲು ನೋಡಿದ.

“ಎಲ್ಲರಿಗೂ ಕೆಲ್ಸ ಇದೆ,” ಎಂದ ಆಚೆ ದಂಡೆಯವನೊಬ್ಬ. “ನಾನು ಎರಡು ಹೊಳೆ ದಾಟಿ ಬಂದಿದೀನಿ. ಹಿಂದೆ ನಿಂತ್ಕೊ.”

“ಅವನನ್ನ ಎಬ್ಬಿಸ್ಬೇಕು ಕಣಯ್ಯಾ.”

“ಎಬ್ಬಿಸೋಕೆ ಬಿಡ್ತೀವಾ? ಇನ್ನೂ ನಮ್ಮದೇ ಆಗಿಲ್ಲ. ಬೈಯೋದಿದ್ರೆ ಸರದೀಲಿ ಬಾ.”

ಭಾದು ಪಿಶಿ ಕೋಲಿನಿಂದ ಅವನ ಪಾದ ಕುಟ್ಟಿ, “ಪಕ್ಕದ ಮನೆಯೋನು ಅಂತ ಮುಂಚೆ ಬಿಡೋಕಾಗಲ್ಲ,” ಎಂದಳು. ಗೋಷ್ಠ ಪೈಪನ್ನು ಅಡ್ಡವಾಗಿ ಮಡಿಲಲ್ಲಿಟ್ಟುಕೊಂಡು ಸಾಲಿನ ಕೊನೆಯಲ್ಲಿ ಕೂತ.

ಸೋಮವಾರ, ಹುಣ್ಣಿಮೆಯ ದಿನ, ಮಧ್ಯಾಹ್ನ ಹೊಳೆ ಉಬ್ಬತೊಡಗಿತು. ಆಗಲೇ ಸರಿಯಾಗಿ ಗೋಷ್ಠನ ಸರದಿ ಬಂತು. ಅಷ್ಟು ಕಾದ ಮೇಲೆ ಅದನ್ನು ಬಿಟ್ಟುಕೊಡಲು ಅವನಿಗೂ ಮನಸ್ಸಾಗಲಿಲ್ಲ. ನಿರಾಪದನ ಎದುರಿಗೆ ಕೂತು ಗಂಟಲು ಸರಿಮಾಡಿಕೊಂಡ. ಮೊದಲು ಬಾತುಕೋಳಿಗಳನ್ನು ಬೈದ. ನಂತರ ಬದುವನ್ನು. ನಂತರ ಪೈಪಿನ ತೂತಿನೊಳಗೆ ನೋಡಿದ.

“ನಿಮ್ಮಪ್ಪ ಜೇನಿಗೆ ಹೋದ ದಿನ ನಮ್ಮಪ್ಪನೂ ಜೊತೇಲಿದ್ದ,” ಎಂದ. “ಇಬ್ಬರು ಹೋಗಿದ್ದು. ನಮ್ಮಪ್ಪ ವಾಪಸ್ ಬಂದ. ಅವತ್ತಿಂದ ನಿಮ್ಮನೆಯೋರು ನಮ್ಮನ್ನ ಒಂಥರಾ ನೋಡ್ತೀರಿ. ಬದುಕಿ ಬಂದಿದ್ದು ಅವನ ತಪ್ಪಾ? ಆ ಗಮ್ಛಾ ತಂದುಕೊಟ್ಟಿದ್ದು ಅವನೇ. ಒಂದು ದಿನ ಒಂದು ಲೋಟ ನೀರು ಬೇಕಾ ಅಂತ ಕೇಳಿದೀರಾ ಅವನನ್ನ?”

ನಿರಾಪದ ತಿಂಗಳೆಲ್ಲ ಹೂಂ ಎಂದಿದ್ದ. ಇದಕ್ಕೂ ಹೂಂ ಎಂದ. ಆದರೆ ಅದು ಬೇರೆ ಕಡೆಯಿಂದ ಬಂತು. “ಕೇಳಿಲ್ಲ ಗೋಷ್ಠದಾ,” ಎಂದು ಸೇರಿಸಿದ. ಪುಂಟಿ ಎದ್ದು ಹೋಗಿ ಗೋಷ್ಠನ ಅಂಗೈಯಲ್ಲಿ ಒಂದು ಹಿಡಿ ಮಣ್ಣಿನ ಅನ್ನ ಬಡಿಸಿದಳು. ಅವನು ತಿಂದಂತೆ ಮಾಡಿ, ಮತ್ತೆ ಅಪ್ಪನ ಕಥೆ ಮುಂದುವರಿಸಿದ. ಅದು ಉದ್ದದ ಕಥೆ. ಹೊಳೆ ಒಡ್ಡಿನ ಅಂಚಿನವರೆಗೆ ಬಂದು, ಕೂತವರ ಕಾಲಬೆರಳು ಮುಟ್ಟಿ, ಸ್ವಲ್ಪ ಹೊತ್ತು ತಾನೂ ಕೇಳಿಸಿಕೊಳ್ಳುವಂತೆ ನಿಂತು, ಇಳಿದುಹೋಯಿತು. ಉಬ್ಬರ ಕಳೆದದ್ದು ಗೋಷ್ಠನಿಗೆ ತಿಳಿದದ್ದು ನೀರು ಬಹಳ ದೂರ ಹೋದ ಮೇಲೆ.

ಅಷ್ಟಮಿ ಮಂಗಳವಾರ ಬಂದಳು. ಕೈಯಲ್ಲಿ ಗುರುತಿನ ಚೀಟಿ, ಮೊಣಕಾಲಿಗೆ ಪಟ್ಟಿ. ಒಂದು ದಿನವೂ ತಪ್ಪಿಸಿರಲಿಲ್ಲ. ಮುಂದಿನ ವಾರದಿಂದ ಕೆಲಸ. ನಿರಾಪದ ಅವಳನ್ನು ತಲೆಯಿಂದ ಕಾಲಿನವರೆಗೆ ಎರಡು ಸಲ ನೋಡಿ, ಎಲ್ಲ ಇದ್ದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡ. ಅವಳು ಅವನ ತಲೆ ನೋಡಿ ಬಾಯಿಗೆ ಕೈಯಿಟ್ಟಳು.

“ಕಾಡಲ್ಲಿ ಏನೂ ತೊಂದರೆ ಆಗ್ಲಿಲ್ವಲ್ಲ?” ಎಂದು ಕೇಳಿದ.

“ಯಾವ ಕಾಡು? ಶುಕ್ರವಾರ ಲಾಂಚು ಕ್ಯಾನಿಂಗ್ ಘಾಟ್ ಬಿಡ್ತಿದ್ದ ಹಾಗೇ ಕೆಸರಿಗೆ ಸಿಕ್ಕಾಕ್ಕೊಂಡ್ತು. ಸಂಜೆಗೆ ತೇಲ್ತು. ಅಷ್ಟರಲ್ಲಿ ಸಾಹೇಬರು ಹೆದರಿಬಿಟ್ಟಿದ್ರು. ಘಾಟಿಗೆ ತಂದು ಕಟ್ಟಿಸಿ, ಇದನ್ನೇ ಕಾಡು ಅಂತ ಭಾವಿಸಿ ಅಂದ್ರು. ಅಷ್ಟೂ ದಿನ ಡೆಕ್ ಮೇಲೆ ಕೂತು ಭಾವಿಸಿದ್ವಿ. ಪಕ್ಕದಲ್ಲೇ ಜಿಲೇಬಿ ಅಂಗಡಿ ಇತ್ತು.”

ನಿರಾಪದ ಜಡೆಗಟ್ಟಿದ ತಲೆ ಕೆರೆದುಕೊಂಡ. ಖ್ಯಾಂತಮಣಿ ಮಾತ್ರ ಕೈ ಜೋಡಿಸಿ ಕಾಡಿನ ದಿಕ್ಕಿಗೆ ನಮಸ್ಕರಿಸಿದಳು. “ಶುಕ್ರವಾರ ಬೇಡ ಅಂದಿದ್ದೆ. ತಾಯಿನೇ ತಡೆದು ನಿಲ್ಲಿಸಿದ್ಲು. ನೀನು ನೇಮ ಹಿಡಿದಿದ್ದಕ್ಕೆ.”

ಅಷ್ಟಮಿ ಹಿತ್ತಿಲಿಗೆ ಹೋಗಿ ಒಡ್ಡನ್ನು ನೋಡಿದಳು. ಮೇಲೆ ನಿಂತು ಹಿಮ್ಮಡಿಯಿಂದ ಕುಟ್ಟಿ ನೋಡಿದಳು. ಜನ ಕೂತಿದ್ದಷ್ಟೂ ಉದ್ದಕ್ಕೆ ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು. ಅದರಾಚೆಗಿನ ಭಾಗ ಮಾತ್ರ ಮೆತ್ತಗಿತ್ತು.

“ಅವರು ಇನ್ನೂ ಬರ್ತಾರಾ?” ಎಂದಳು.

“ಬರ್ತಾರೆ. ಆದ್ರೆ ಇನ್ನು ನಾನು ತಿರುಗಿ ಬೈಬಹುದು.”

“ಬೈಬೇಡಿ. ನಾಳೆಯಿಂದ ಸ್ವಲ್ಪ ಈ ಕಡೆ ಸರಿದು ಕೂತ್ಕೊಳ್ಳಿ,” ಎಂದು ಮೆತ್ತಗಿನ ಜಾಗ ತೋರಿಸಿದಳು.

ಸಂಜೆ ಅವಳು ಅಕ್ಕಿ ಡಬ್ಬಿಯಿಂದ ಬಾಚಣಿಗೆ ತೆಗೆದು ಗಂಡನನ್ನು ಮುಂದೆ ಕೂರಿಸಿಕೊಂಡಳು. ಎಣ್ಣೆ ಹಚ್ಚಿ, ಗಂಟು ಬಿಡಿಸಿ, ಬಾಚಣಿಗೆಯ ಎರಡು ಹಲ್ಲು ಮುರಿದ ಮೇಲೆ ಬೈತಲೆ ಮೂಡಿತು. ಬದುವಿನಾಚೆಯಿಂದ ಗೋಷ್ಠ ಬಂದು ಏಣಿಯನ್ನು ಗೋಡೆಗೆ ಒರಗಿಸಿದ. ಬಾತುಕೋಳಿಯ ಮಾತು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ನಿರಾಪದ ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟ. ಗೋಷ್ಠ ಅದನ್ನು ನಿಂತಲ್ಲೇ ಪೂರ್ತಿ ಕುಡಿದ.

“ಬೌಮಾ,” ಎಂದಳು ಖ್ಯಾಂತಮಣಿ, ಕೆಸರುದಂಡೆಯ ಕಡೆ ನೋಡುತ್ತ. “ಆ ಸಸಿ ಬೆಳೆಸ್ತೀನಿ ಅಂದ್ಯಲ್ಲ, ಅದು ಎಷ್ಟೆತ್ತರ ಆಗತ್ತೆ?”

“ಮೂರ್ನಾಲ್ಕು ವರ್ಷಕ್ಕೆ ಆಳೆತ್ತರ, ಮಾ. ಆಮೇಲೆ ಇನ್ನೂ ಬೆಳೆಯತ್ತೆ.”

“ಬೇರು ಗೀರು ಎಲ್ಲ ಬಿಟ್ಟು?”

“ಬಿಟ್ಟು. ಏಡಿ ಬರತ್ತೆ, ಹಕ್ಕಿ ಬರತ್ತೆ.”

“ಅಂದ್ರೆ ಕಾಡು.”

ಖ್ಯಾಂತಮಣಿಯ ಕೈ ನಿಧಾನವಾಗಿ ಮಂಚದ ಮೇಲಿದ್ದ ಬಾಚಣಿಗೆಯ ಕಡೆಗೆ ಚಾಚಿತು. ಅಷ್ಟರಲ್ಲಿ ಪುಂಟಿ ಅದನ್ನು ಎತ್ತಿಕೊಂಡು ಮೇಕೆಗೆ ಬಾಚಲು ಓಡಿದ್ದಳು. ನಿರಾಪದ ಹೊಳೆಯುವ ಬೈತಲೆ ಹೊತ್ತು, “ಬೀಳ್ತೀಯ, ಬೀಳ್ತೀಯ,” ಎನ್ನುತ್ತ ಅವಳ ಹಿಂದೆ ಓಡಿದ.